ಪುರಾವೆ ಕೇಳದ ವೇದಿಕೆ



ಕವಿಗೋಷ್ಠಿಗಳಲ್ಲಿ ನಿರೂಪಕರು ಕವಿಗಳನ್ನು ಕರೆಯುವ ಧಾಟಿಯನ್ನು ನೀವು ಕೇಳಿರುತ್ತೀರಿ. ಹೆಸರು, ಊರು, ಸಂಕಲನ, ಬಂದ ಬಹುಮಾನ, ಇಷ್ಟು ಹೇಳಿ ಮೈಕು ಬಿಟ್ಟುಕೊಡುತ್ತಾರೆ. ಕರೆಯಬೇಕಾದವರು ಟ್ರಾನ್ಸ್ ಮಹಿಳೆಯಾದರೆ ಮಾತ್ರ ಆ ಧಾಟಿ ಬದಲಾಗಿಬಿಡುತ್ತದೆ. “ಇವರು ಬಹಳ ನೋವುಂಡವರು. ಹೆತ್ತವರೇ ಮನೆಯಿಂದ ಹೊರಗೆ ಹಾಕಿದರು. ಆದರೂ ಎದೆಗುಂದದೆ ಇಲ್ಲಿವರೆಗೆ ಬಂದಿದ್ದಾರೆ. ಒಂದು ಜೋರು ಚಪ್ಪಾಳೆ ಬರಲಿ!” ಚಪ್ಪಾಳೆ ಬರುತ್ತದೆ. ಆಕೆ ಅಂದು ಬರೆದು ತಂದಿರುವುದು ಮುಂಗಾರಿನ ಮೊದಲ ಮಳೆಯ ಬಗ್ಗೆಯೋ, ಜಾತ್ರೆಯಲ್ಲಿ ಬಳೆ ತೊಡಿಸಿದವನ ಕೈಯ ಬಗ್ಗೆಯೋ ಇರಬಹುದು. ಅದನ್ನು ಕೇಳುವ ಕಿವಿ ಆ ಹೊತ್ತಿಗೆ ಸಭೆಯಲ್ಲಿ ಉಳಿದಿರುವುದಿಲ್ಲ. ಗಾಯ ಎಲ್ಲಿದೆ, ಯಾವಾಗ ತೋರಿಸಿಯಾರು ಎಂದು ಎಲ್ಲರೂ ಕಾಯುತ್ತಿರುತ್ತಾರೆ.

ಹೆಣ್ಣುಮಕ್ಕಳೂ ಲಿಂಗತ್ವ ಮತ್ತು ಲೈಂಗಿಕ ಅಲ್ಪಸಂಖ್ಯಾತರೂ ಸೇರಿ ಕಟ್ಟಿಕೊಳ್ಳುವ ಕವಿತೆಯ, ಪ್ರದರ್ಶನದ ಬಳಗಗಳ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಸಲಿಂಗಪ್ರೇಮಿಗಳು, ಟ್ರಾನ್ಸ್ ಮಹಿಳೆಯರು, ಟ್ರಾನ್ಸ್ ಪುರುಷರು, ಗಂಡು-ಹೆಣ್ಣು ಎಂಬ ಎರಡು ಖಾನೆಗಳಲ್ಲಿ ಯಾವುದಕ್ಕೂ ಒಗ್ಗದವರು, ಇವರೆಲ್ಲರನ್ನೂ ಸೇರಿಸಿ ಕ್ವಿಯರ್ ಸಮುದಾಯ ಎನ್ನುವುದು ಈಗ ಕನ್ನಡದಲ್ಲೂ ರೂಢಿಯಾಗಿದೆ. ಈ ಸಮುದಾಯವೂ ಸ್ತ್ರೀವಾದವೂ ಒಂದೇ ಜಗಲಿಯಲ್ಲಿ ಕೂತು ಹಾಡಿ, ಓದಿ, ಆಡುವ ಪ್ರಯತ್ನ ನಮ್ಮ ಸುತ್ತಮುತ್ತ ಬಹುಕಾಲದಿಂದ ನಡೆದಿದೆ. ಅಂಥ ಕೂಟ ನಿಜವಾಗಿ ಎಲ್ಲರದಾಗುವುದು ಯಾವಾಗ? ಒಳಗೆ ಬರುವವರಿಂದ ಅದು ಪುರಾವೆ ಕೇಳುವುದನ್ನು ಬಿಟ್ಟಾಗ ಎಂಬುದು ನನ್ನ ನಂಬಿಕೆ. ಹೆಣ್ಣು ಎಂಬುದಕ್ಕೆ ಪುರಾವೆ, ನೊಂದಿದ್ದೇನೆ ಎಂಬುದಕ್ಕೆ ಪುರಾವೆ, ಸಾಹಿತ್ಯ ಬಲ್ಲೆ ಎಂಬುದಕ್ಕೆ ಪುರಾವೆ, ಈ ಮೂರನ್ನೂ ಬಿಡಬೇಕು.

ಪುರಾವೆ ಕೇಳುವ ಚಾಳಿ ಹಳೆಯದು. ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬರುವ ಪ್ರಸಂಗವಿದೆಯಲ್ಲ, ಅದನ್ನೇ ನೋಡಿ. ಉಡುತಡಿಯಿಂದ ಅಷ್ಟು ದೂರ ಒಂಟಿಯಾಗಿ ಬಂದ ಆಕೆಯನ್ನು ಶರಣರ ನಡುವೆ ಕೂರಿಸುವ ಮೊದಲು ಅಲ್ಲಮಪ್ರಭು ಒಂದಾದ ಮೇಲೊಂದು ಪ್ರಶ್ನೆ ಹಾಕುತ್ತಾನೆ. ನಿನ್ನ ಪತಿ ಯಾರು? ಉಟ್ಟದ್ದನ್ನು ಬಿಟ್ಟವಳು ಕೂದಲಿನಿಂದ ಮೈಯನ್ನೇಕೆ ಮರೆಮಾಡಿದ್ದೀಯೆ? ಅಕ್ಕ ಎಲ್ಲಕ್ಕೂ ಉತ್ತರ ಕೊಡುತ್ತಾಳೆ, ಸಭೆ ತಲೆದೂಗುತ್ತದೆ. ಆ ಉತ್ತರಗಳ ಸೊಗಸಿಗೆ ಮನಸೋತ ನಾವು ಪ್ರಶ್ನೆಗಳನ್ನು ಅಷ್ಟಾಗಿ ಗಮನಿಸುವುದಿಲ್ಲ. ಅಲ್ಲಮ ಬೇರೆಯವರನ್ನೂ ಪರೀಕ್ಷಿಸಿದ್ದುಂಟು. ಮೈಯನ್ನು ಮುಚ್ಚಿದ್ದೇಕೆ, ಬಿಚ್ಚಿದ್ದೇಕೆ ಎಂಬ ವಿಚಾರಣೆ ಮಾತ್ರ ಅಕ್ಕನ ಪಾಲಿಗೇ ಬಂತು. ಹಾಗೆಂದು ಆ ಸಭೆಯನ್ನು ತೆಗೆದುಹಾಕುವಂತಿಲ್ಲ. ಆತ್ಮಕ್ಕೆ ಗಂಡು ಹೆಣ್ಣೆಂಬುದು ಉಂಟೇ ಎಂದು ಜೇಡರ ದಾಸಿಮಯ್ಯ ಕೇಳಿದ್ದು ಇದೇ ಪರಂಪರೆಯಲ್ಲಿ. ಸೂಳೆ ಸಂಕವ್ವೆ ತನ್ನ ಕಸುಬಿನ ಮಾತಿನಲ್ಲೇ ವಚನ ಹೇಳಿದ್ದು, ಅದು ಇವತ್ತಿಗೂ ಉಳಿದುಬಂದದ್ದು ಇದೇ ಪರಂಪರೆಯಲ್ಲಿ. ಬಾಗಿಲು ತೆರೆದಿಟ್ಟ ಔದಾರ್ಯ, ಬಾಗಿಲಲ್ಲಿ ನಿಲ್ಲಿಸಿ ಕೇಳುವ ಅಭ್ಯಾಸ, ಎರಡೂ ನಮಗೆ ಒಟ್ಟಿಗೇ ಬಂದ ಬಳುವಳಿ.

ಸಭೆ ಕೇಳಿದ್ದನ್ನು ಆಮೇಲೆ ಸರ್ಕಾರ ಕೇಳತೊಡಗಿತು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಅಲೆಮಾರಿಗಳ ಸಂದರ್ಭದಲ್ಲಿ ನಾವು ನೆನೆಯುತ್ತೇವೆ. ಅದಕ್ಕೆ ಎರಡನೆಯ ಭಾಗವೊಂದಿತ್ತು. ಅದು ಹಿಜಡಾ ಸಮುದಾಯದವರ ಹೆಸರು-ವಿಳಾಸಗಳನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕೆಂದಿತು. ಹಾಗೆ ಹೆಸರು ಬರೆಸಿದವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ, ಬೀದಿಯಲ್ಲಿ ಕುಣಿದರೆ, ವಾದ್ಯ ನುಡಿಸಿದರೆ, ಹಣ ಪಡೆದು ಯಾರದೋ ಮನೆಯಲ್ಲಿ ಆಟ ತೋರಿಸಿದರೆ ವಾರಂಟಿಲ್ಲದೆ ಹಿಡಿಯಬಹುದಿತ್ತು. ಎರಡು ವರ್ಷದವರೆಗೆ ಸೆರೆವಾಸ. ಕೇಳುಗರು ಗಮನಿಸಬೇಕು: ಕಳ್ಳತನಕ್ಕಲ್ಲ, ಕುಣಿತಕ್ಕೆ ಸೆರೆವಾಸ. ಆ ಕಾಯ್ದೆ ಮೊದಲು ಜಾರಿಯಾದದ್ದು ಉತ್ತರ ಭಾರತದಲ್ಲಿ. 1919ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನವೂ ಅದೇ ಬಗೆಯದೊಂದನ್ನು ಮಾಡಿತು. ಬೀದರ್, ಕಲಬುರಗಿ, ರಾಯಚೂರುಗಳು ಆಗ ಆ ಸಂಸ್ಥಾನಕ್ಕೆ ಸೇರಿದ್ದವು. ತೆಲಂಗಾಣದ ಕಾನೂನು ಪುಸ್ತಕದಲ್ಲಿ ಉಳಿದುಕೊಂಡೇ ಬಂದಿದ್ದ ಅದನ್ನು ಅಲ್ಲಿನ ಹೈಕೋರ್ಟು ರದ್ದುಮಾಡಿದ್ದು 2023ರಲ್ಲಿ.

ನಮ್ಮಲ್ಲೂ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಈ ಸಮುದಾಯದವರ ಪಟ್ಟಿ ಇಡುವ ಅಧಿಕಾರವನ್ನು ಅದು ಪೊಲೀಸ್ ಕಮಿಷನರ ಕೈಗೆ ಕೊಟ್ಟಿತು. ಸಮುದಾಯದವರು ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ನಾಲ್ಸಾ ಪ್ರಕರಣದಲ್ಲಿ ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದಿತು. 2018ರ ಸೆಪ್ಟೆಂಬರ್ 6ರಂದು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಹಿಡಿತದಿಂದ ಸಲಿಂಗಪ್ರೇಮವನ್ನು ಬಿಡಿಸಿತು. ಮರುವರ್ಷ ಬಂದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಮತ್ತೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರವನ್ನು ನಡುವೆ ತಂದಿತು. ಕಚೇರಿಯಲ್ಲಿ ಹೀಗೆ ಪುರಾವೆ ಒಪ್ಪಿಸಿ ಒಪ್ಪಿಸಿ ದಣಿದವರು ಸಂಜೆ ಕವಿತೆ ಓದಲು ಬಂದಾಗ ಅಲ್ಲೂ ಅದನ್ನೇ ಕೇಳಿದರೆ ಹೇಗೆ?

ಹಾಗಾದರೆ ನಮ್ಮ ರಂಗಭೂಮಿ ಗಂಡು-ಹೆಣ್ಣಿನ ಗೆರೆ ದಾಟುವುದನ್ನು ದೂರವೇ ಇಟ್ಟಿತ್ತೇ ಎಂದರೆ, ಇಲ್ಲ. ಕಂಪನಿ ನಾಟಕಗಳಲ್ಲಿ ಗಂಡಸರು ಸ್ತ್ರೀಪಾತ್ರ ಮಾಡಿ ಹೆಸರಾದರು. ಯಕ್ಷಗಾನದ ಸ್ತ್ರೀವೇಷಕ್ಕೆ ಅದರದೇ ಅಭಿಮಾನಿಗಳಿದ್ದಾರೆ. ಇದರ ಇನ್ನೊಂದು ಮಗ್ಗುಲು ನೋಡಬೇಕಾದರೆ ಮೈಸೂರಿನ ಆರ್. ನಾಗರತ್ನಮ್ಮನವರನ್ನು ನೆನೆಯಬೇಕು. ಅವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಎಲ್ಲ ಪಾತ್ರಗಳನ್ನೂ ಹೆಂಗಸರೇ ಮಾಡುತ್ತಿದ್ದರು. ನಾಗರತ್ನಮ್ಮ ತಾವೇ ಕಂಸನಾಗಿ ಮೀಸೆ ತಿರುವಿ ಗರ್ಜಿಸಿದರೆ ಸಭೆ ನಡುಗುತ್ತಿತ್ತೆಂದು ನೋಡಿದವರು ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಆ ಮೀಸೆಗಿಂತ ಹೆಚ್ಚಾಗಿ ಯಜಮಾನಿಕೆ. ಯಾವ ನಾಟಕ ಆಡಬೇಕು, ಯಾವ ಊರಿಗೆ ಹೋಗಬೇಕು, ಯಾರಿಗೆ ಎಷ್ಟು ಸಂಬಳ ಎಂಬುದನ್ನು ಒಬ್ಬ ಹೆಂಗಸು ತೀರ್ಮಾನಿಸುತ್ತಿದ್ದಳು. ಸ್ತ್ರೀವಾದ ಎಂಬ ಹಣೆಪಟ್ಟಿ ಇಲ್ಲದೆಯೇ ನಡೆದ ಸ್ತ್ರೀವಾದಿ ಕೆಲಸ ಅದು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಜೋಗತಿಯರ ಕತೆ ಇದಕ್ಕಿಂತ ಕಠಿಣ. ಸವದತ್ತಿ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡವರು ತಲೆಯ ಮೇಲೆ ದೇವಿಯ ಕೊಡ ಹೊತ್ತು ಕೈ ಬಿಟ್ಟು ಕುಣಿಯುತ್ತಾರೆ. ಚೌಡಿಕೆಯ ತಂತಿ ಮಿಡಿಯುತ್ತದೆ, ತಾಳ ಏರುತ್ತದೆ, ಕೊಡ ಅಲುಗುವುದಿಲ್ಲ. ಕುಣಿತ ನಡೆಯುವಷ್ಟು ಹೊತ್ತು ಊರಿನವರು ಕಾಲಿಗೆ ಬೀಳುತ್ತಾರೆ, ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಕೊಡ ಇಳಿಸಿದ ಮೇಲೆ ಅದೇ ಊರಿನಲ್ಲಿ ಬಾಡಿಗೆಗೊಂದು ಕೋಣೆ ಸಿಗುವುದಿಲ್ಲ. ಈ ಪರಂಪರೆಯನ್ನು ಹಾಡಿಹೊಗಳಿ ಬಿಟ್ಟರೆ ಸಾಲದು. ಹರಕೆ, ಬಡತನ, ಬೇಡಿ ತಿನ್ನುವ ಅನಿವಾರ್ಯ, ಎಲ್ಲ ಅದರೊಳಗಿವೆ. ಇವೆಲ್ಲವನ್ನೂ ಹಾದು ಬಂದವರು ಮಂಜಮ್ಮ ಜೋಗತಿ. ಬಳ್ಳಾರಿ ಸೀಮೆಯ ಕಲ್ಲುಕಂಬದವರು. ಕಾಳವ್ವ ಜೋಗತಿಯವರ ಬಳಿ ಕಲಿತವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಆ ಕುರ್ಚಿಯಲ್ಲಿ ಕೂತ ಮೊದಲ ಟ್ರಾನ್ಸ್ ಮಹಿಳೆ.

2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಅವರು ಪದ್ಮಶ್ರೀ ಸ್ವೀಕರಿಸಿದ್ದನ್ನು ಟಿವಿಯಲ್ಲಿ ನೀವೂ ನೋಡಿರುತ್ತೀರಿ. ನೇರವಾಗಿ ಹೋಗಿ ಕೈಮುಗಿದು ಪದಕ ತೆಗೆದುಕೊಳ್ಳುವುದು ಅಲ್ಲಿಯ ಶಿಷ್ಟಾಚಾರ. ಮಂಜಮ್ಮ ರಾಷ್ಟ್ರಪತಿಗಳ ಮುಂದೆ ನಿಂತವರೇ ಸೆರಗು ಹಿಡಿದು ಅವರಿಗೆ ದೃಷ್ಟಿ ತೆಗೆದರು. ರಾಷ್ಟ್ರಪತಿಗಳು ಕೈಮುಗಿದು ನಿಂತರು. ಅಷ್ಟು ಹೊತ್ತು ಸರ್ಕಾರ ಕೊಡುತ್ತಿತ್ತು, ಕಲಾವಿದರು ಪಡೆಯುತ್ತಿದ್ದರು. ಆ ಒಂದು ಗಳಿಗೆಯಲ್ಲಿ ಕೊಡುವವರು ಮಂಜಮ್ಮ. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥನಕ್ಕೆ ‘ನಡುವೆ ಸುಳಿವ ಹೆಣ್ಣು’ ಎಂದು ಹೆಸರು. ದಾಸಿಮಯ್ಯನ ವಚನವನ್ನು ನೆನಪಿಸುವ ಆ ಹೆಸರಿನ ಕೆಳಗೆ ಅವರ ಬದುಕು ಕನ್ನಡ ಪುಸ್ತಕದ ಅಂಗಡಿಯಲ್ಲಿ ಕೂತಿದೆ.

ವೇದಿಕೆ ಹತ್ತಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ನಮ್ಮದೇ ಸಿನಿಮಾ ಒಂದಿದೆ. ತಮಿಳಿನ ಟ್ರಾನ್ಸ್ ಮಹಿಳೆ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥನವನ್ನು ಆಧರಿಸಿ ಬಿ.ಎಸ್. ಲಿಂಗದೇವರು ‘ನಾನು ಅವನಲ್ಲ ಅವಳು’ ಮಾಡಿದರು. 2015ರಲ್ಲಿ ಅದು ತೆರೆಗೆ ಬಂತು. ಆಕೆಯ ಪಾತ್ರ ಮಾಡಿದ ನಟ ಸಂಚಾರಿ ವಿಜಯ್ ಅದಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಅವರದು ಒಳ್ಳೆಯ ನಟನೆ, ಅದರಲ್ಲಿ ಎರಡು ಮಾತಿಲ್ಲ. ಎಷ್ಟೋ ಮನೆಗಳಲ್ಲಿ ಮೊದಲ ಸಲ ಈ ವಿಷಯ ಮಾತಿಗೆ ಬಂದದ್ದೂ ಆ ಸಿನಿಮಾದಿಂದ. ಆದರೆ ವಿದ್ಯಾ ಬರೀ ಕತೆಯ ನಾಯಕಿಯಲ್ಲ, ಸ್ವತಃ ರಂಗನಟಿ. ತನ್ನಂಥವರ ಪಾತ್ರ ತನ್ನಂಥವರಿಗೆ ಯಾಕೆ ಸಿಗುವುದಿಲ್ಲ ಎಂಬ ಪ್ರಶ್ನೆ ಅವರದಾಗಿತ್ತು. ಗೀ ಇಮಾನ್ ಸೆಮ್ಮಲರ್, ಏಂಜೆಲ್ ಗ್ಲಾಡಿ ಅವರ ಜೊತೆ ಸೇರಿ ಚೆನ್ನೈನಲ್ಲಿ ‘ಪನ್ಮೈ’ ಎಂಬ ತಂಡ ಕಟ್ಟಿದರು. ಟ್ರಾನ್ಸ್ ಕಲಾವಿದರೇ ಬರೆದು, ಅವರೇ ಆಡಿ, ‘ಕಲರ್ ಆಫ್ ಟ್ರಾನ್ಸ್’ ಎಂಬ ಪ್ರಯೋಗವನ್ನು ಊರೂರಿಗೆ ಒಯ್ದರು. ಟ್ರಾನ್ಸ್ ಜನರ ಬಗ್ಗೆ ಬೇರೆಯವರು ಆಡುವುದು, ಅವರೇ ಆಡುವುದು, ಎರಡಕ್ಕೂ ಜಾಗವಿರಲಿ. ಎರಡನೆಯದಕ್ಕೆ ಹಣ, ಸಭಾಂಗಣ, ಪ್ರಚಾರ ಯಾವುದೂ ಸಿಗದೆ ಮೊದಲನೆಯದಕ್ಕೆ ಎಲ್ಲವೂ ಸಿಗುವುದು ತಕರಾರಿನ ವಿಷಯ.

ಇಂಥ ಬಳಗ ಕಟ್ಟುವುದೆಂದರೆ ಹೇಗಿರುತ್ತದೆ ಎಂಬುದಕ್ಕೆ ನನಗೆ ತೋಚುವ ಅತ್ಯುತ್ತಮ ಉದಾಹರಣೆ ಎ. ರೇವತಿ ಅವರದು. ನಾಮಕ್ಕಲ್ ಕಡೆಯ ಹಳ್ಳಿಯವರು. ಬೆಂಗಳೂರಿನ ‘ಸಂಗಮ’ ಸಂಸ್ಥೆಯಲ್ಲಿ ದುಡಿದವರು. ಅವರ ಮೊದಲ ಪುಸ್ತಕ 2004ರ ‘ಉಣರ್ವುಂ ಉರುವಮುಂ’. ತಮ್ಮ ಕತೆ ಬರೆಯುವ ಮೊದಲು ಅವರು ತಮ್ಮ ಜೊತೆಯವರ ಕತೆಗಳನ್ನು ಕೇಳಿ ಬರೆದುಕೊಂಡರು. ಆಮೇಲೆ ಬಂದದ್ದು ಆತ್ಮಕಥನ. ಅದನ್ನು 2010ರಲ್ಲಿ ಇಂಗ್ಲಿಷಿಗೆ ತಂದವರು ಸ್ತ್ರೀವಾದಿ ಚಿಂತಕಿ ವಿ. ಗೀತಾ. ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದವರು ದು. ಸರಸ್ವತಿ. ಎಂ. ಗಣೇಶ್ ನಿರ್ದೇಶನದಲ್ಲಿ ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕ ಮಾಡಿ ಕರ್ನಾಟಕದ ಹಳ್ಳಿ-ಪಟ್ಟಣಗಳಲ್ಲಿ ಆಡಿತು. ತಮಿಳಿನಲ್ಲಿ ರೇವತಿ ತಾವೇ ಒಬ್ಬರೇ ನಿಂತು ‘ವೆಳ್ಳೈ ಮೊಳಿ’ ಪ್ರಯೋಗ ಮಾಡಿದರು, ಎ. ಮಂಗೈ ನಿರ್ದೇಶನದಲ್ಲಿ. ಒಬ್ಬ ಟ್ರಾನ್ಸ್ ಮಹಿಳೆಯ ಮಾತನ್ನು ಮೂವರು ಸ್ತ್ರೀವಾದಿಗಳು ಮೂರು ನುಡಿಗಳಲ್ಲಿ ಎತ್ತಿ ಹಿಡಿದಾಗಲೂ ಮಾತು ಅವರದಾಗಲಿಲ್ಲ, ರೇವತಿಯದೇ ಆಗಿ ಉಳಿಯಿತು. ಅನುವಾದಿಸುವುದು, ರಂಗಕ್ಕೆ ಅಣಿಗೊಳಿಸುವುದು, ಊರೂರಿಗೆ ಒಯ್ಯುವುದು, ಇವು ದೊಡ್ಡ ಕೆಲಸಗಳು. ಬಳಗ ಎನ್ನುವುದು ನಿಂತಿರುವುದೇ ಈ ಕೆಲಸಗಳ ಮೇಲೆ.

ದು. ಸರಸ್ವತಿಯವರ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಅವರು ಕವಿ, ಪೌರಕಾರ್ಮಿಕರ ಹೋರಾಟದಲ್ಲಿ ಇದ್ದವರು, ‘ಸಣ್ತಿಮ್ಮಿ ರಾಮಾಯಣ’ ಎಂಬ ಏಕವ್ಯಕ್ತಿ ಪ್ರಯೋಗದಲ್ಲಿ ಸೀತೆಯ ಪಾಡನ್ನು ಹಟ್ಟಿಯ ಹೆಂಗಸಿನ ಬಾಯಲ್ಲಿ ಹೇಳಿದವರು. ಅಲ್ಲಿ ನಗು ಉಕ್ಕುತ್ತದೆ. ನಗುನಗುತ್ತಲೇ ರಾಮನ ನ್ಯಾಯ ಕಟಕಟೆಗೆ ಬರುತ್ತದೆ. ಆದರೆ ಕ್ವಿಯರ್ ಕವಿಗಳಿಂದ ನಾವು ಕಣ್ಣೀರನ್ನಷ್ಟೇ ಬಯಸುತ್ತೇವೆ, ನಗುವನ್ನು ಕೇಳುವುದಿಲ್ಲ. ಹಿಜಡಾ ಸಮುದಾಯದ ಜಮಾತಿನ ಮನೆಗಳಲ್ಲಿ ಗುರು-ಚೇಲಾಗಳ ನಡುವೆ ನಡೆಯುವ ಚೇಷ್ಟೆ, ಮೂದಲಿಕೆ, ಒಗಟು, ಚುರುಕು ಮಾತು ಇವೆಲ್ಲ ಎಷ್ಟು ಸಮೃದ್ಧ ಎಂಬುದು ಅಲ್ಲಿ ಕೂತು ಚಹಾ ಕುಡಿದವರಿಗೆ ಗೊತ್ತು. ಅದು ವೇದಿಕೆಗೆ ಬರುವುದು ತಾವು ಯಾರಿಗೂ ಏನನ್ನೂ ರುಜುವಾತು ಮಾಡಬೇಕಿಲ್ಲ ಎಂಬ ಧೈರ್ಯ ಹುಟ್ಟಿದ ಮೇಲೆ.

ಈಗ ಸ್ತ್ರೀವಾದದ ಪಾಲೇನು ಎಂಬುದಕ್ಕೆ ಬರೋಣ. 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಅದೇ ವರ್ಷ ಕರ್ನಾಟಕ ಲೇಖಕಿಯರ ಸಂಘವೂ ಹುಟ್ಟಿತು. ಹಾಸ್ಯ ಲೇಖಕಿ ಟಿ. ಸುನಂದಮ್ಮ ಅದರ ಮೊದಲ ಅಧ್ಯಕ್ಷೆ. ಹೆಂಗಸರ ಬರಹ ಅಡುಗೆಮನೆ ಸಾಹಿತ್ಯ ಎಂದು ಮೂಗುಮುರಿಯುತ್ತಿದ್ದ ಕಾಲ ಅದು. ನಿಮ್ಮ ತೀರ್ಪುಗಾರರ ಮುಂದೆ ನಾವೇಕೆ ನಿಲ್ಲಬೇಕು ಎಂದು ಲೇಖಕಿಯರು ತಮ್ಮದೇ ಸಂಘ ಮಾಡಿಕೊಂಡರು. ಸ್ತ್ರೀವಾದ ನಮಗೆ ಕಲಿಸಿದ್ದೂ ಇದನ್ನೇ: ಅನುಭವಕ್ಕೆ ಮೇಲಿನವರ ಮೊಹರು ಬೇಕಿಲ್ಲ, ನಾಲ್ಕು ಜನ ಸುತ್ತ ಕೂತು ಮಾತಾಡಿಕೊಂಡರೆ ಒಬ್ಬಳ ಸಂಕಟ ಎಲ್ಲರ ರಾಜಕಾರಣವಾಗುತ್ತದೆ. ಮುಂಬಯಿಯಲ್ಲಿ 1995ರಲ್ಲಿ ‘ಸ್ತ್ರೀ ಸಂಗಮ್’ ಎಂಬ ಹೆಸರಿನಲ್ಲಿ ಶುರುವಾದ ಗುಂಪು ಮುಂದೆ ‘ಲೇಬಿಯಾ’ ಆಯಿತು. ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳು, ಟ್ರಾನ್ಸ್ ವ್ಯಕ್ತಿಗಳು ಅದರಲ್ಲಿದ್ದರು. ‘ಸ್ಕ್ರಿಪ್ಟ್ಸ್’ ಎಂಬ ಪುಟ್ಟ ಪತ್ರಿಕೆಯನ್ನೂ ತಂದರು. ಕೋಲ್ಕತ್ತದಲ್ಲಿ 1999ರಲ್ಲಿ ‘ಸ್ಯಾಫೋ’ ಹುಟ್ಟಿತು, ಗ್ರೀಕ್ ಕವಯಿತ್ರಿಯ ಹೆಸರು ಹೊತ್ತು.

ಆದರೆ ಸ್ತ್ರೀವಾದಿ ಬಳಗಗಳೊಳಗೇ ಒಂದು ಜಗಳವಿದೆ, ಅದನ್ನು ಮುಚ್ಚಿಡಬಾರದು. ಇದು ಹೆಂಗಸರ ಕೂಟ ಎಂದಾಗ ಟ್ರಾನ್ಸ್ ಮಹಿಳೆ ಬರಬಹುದೇ ಎಂಬ ಪ್ರಶ್ನೆ ಏಳುತ್ತದೆ. ಬರಬಹುದು ಎಂದವರೂ ಟ್ರಾನ್ಸ್ ಪುರುಷನ ವಿಷಯ ಬಂದಾಗ ತಡವರಿಸುತ್ತಾರೆ. ಅವನು ಹುಡುಗಿಯೆಂದೇ ಬೆಳೆದವನು. ಹೆಣ್ಣೆಂಬ ಕಾರಣಕ್ಕೆ ಬಿದ್ದ ಪೆಟ್ಟುಗಳನ್ನೆಲ್ಲ ತಿಂದವನು. ಈಗ ಮೀಸೆ ಬಂತೆಂದು ಹೊರಗೆ ಕಳಿಸುವುದೇ? ನನ್ನ ಮಟ್ಟಿಗೆ ಉತ್ತರ ಸರಳ. ಯಾರ ಮೈಯಲ್ಲಿ ಏನಿದೆ ಎಂಬುದು ಕವಿತೆಯ ಕೂಟಕ್ಕೆ ಬೇಡದ ವಿಷಯ. ಗಂಡಾಳ್ವಿಕೆಯ ದರ್ಪವನ್ನು ಯಾರೂ ಒಳಗೆ ತರಬಾರದು ಎಂಬ ಕರಾರು ಇರಲಿ. ಅದನ್ನು ನಡತೆಯಲ್ಲಿ ನೋಡಿದರೆ ಸಾಕು.

ದನಿಯ ಸಂಗತಿಯನ್ನು ಬಾನುಲಿಯಲ್ಲಿ ಕೂತು ಹೇಳದಿದ್ದರೆ ಹೇಗೆ? ಫೋನಿನಲ್ಲಿ “ಹೇಳಿ ಸಾರ್” ಎನ್ನಿಸಿಕೊಳ್ಳುವುದು ಎಷ್ಟೋ ಟ್ರಾನ್ಸ್ ಮಹಿಳೆಯರ ನಿತ್ಯದ ಪಾಡು. ದನಿಯೇ ಅವರ ಮೇಲೆ ಸಾಕ್ಷಿ ಹೇಳುತ್ತದೆ ಎಂಬಂತೆ ಕೇಳುವವರು ನಡೆದುಕೊಳ್ಳುತ್ತಾರೆ. ಟ್ರಾನ್ಸ್ ಪುರುಷರು ಹಾರ್ಮೋನು ತೆಗೆದುಕೊಳ್ಳತೊಡಗಿದರೆ ಗಂಟಲು ಒಡೆದು ಶ್ರುತಿ ಕೆಳಗಿಳಿಯುತ್ತದೆ; ಹಾಡುವವರಿಗೆ ಇದು ಸಣ್ಣ ಮಾತಲ್ಲ. ವರ್ಷಗಟ್ಟಲೆ ಸಾಧಿಸಿದ ಸ್ವರಸ್ಥಾನಗಳನ್ನು ಹೊಸ ಗಂಟಲಿನಲ್ಲಿ ಮತ್ತೆ ಹುಡುಕಿಕೊಳ್ಳಬೇಕು. ಬೆಂಗಳೂರಿನ ರೂಮಿ ಹರೀಶ್ ಹಿಂದೂಸ್ತಾನಿ ಸಂಗೀತ ಕಲಿತ ಟ್ರಾನ್ಸ್ ಪುರುಷ. ಅಂಥವರು ನಮ್ಮ ನಡುವೆ ಇರುವಾಗ ಗಂಡುದನಿ ಹೆಣ್ಣುದನಿ ಎಂಬ ನಮ್ಮ ಲೆಕ್ಕಾಚಾರವನ್ನೇ ತುಸು ಸಡಿಲ ಮಾಡಿಕೊಳ್ಳಬೇಕು. ಬೆಂಗಳೂರಿನ ಸಮುದಾಯ ಬಾನುಲಿ ‘ರೇಡಿಯೋ ಆಕ್ಟಿವ್’ನಲ್ಲಿ ಟ್ರಾನ್ಸ್ ಮಹಿಳೆ ಪ್ರಿಯಾಂಕಾ ದಿವಾಕರ್ ‘ಯಾರಿವರು’ ಎಂಬ ಕಾರ್ಯಕ್ರಮ ನಡೆಸಿಕೊಟ್ಟರು. ಕೇಳಿ ಕೇಳಿ ಕಿವಿಗೆ ಪರಿಚಯವಾದ ದನಿ ಆಮೇಲೆ ವಿಚಿತ್ರವೆನಿಸುವುದಿಲ್ಲ; ಇವರು ಇಂಥವರು ಎಂದಷ್ಟೇ ಕೇಳಿಸುತ್ತದೆ.

ಇನ್ನು ನಗರದ ಓಪನ್ ಮೈಕುಗಳು. ಇಂದಿರಾನಗರ, ಕೋರಮಂಗಲದ ಕೆಫೆಗಳಲ್ಲಿ ಶನಿವಾರ ಭಾನುವಾರ ಸಂಜೆ ನಡೆಯುವ ಈ ಕೂಟಗಳಲ್ಲಿ ಕ್ವಿಯರ್ ಯುವಜನ ಧೈರ್ಯವಾಗಿ ಓದುತ್ತಾರೆ. ಅದು ಸಂತೋಷದ ವಿಷಯವೇ. ಆದರೆ ಅಲ್ಲಿ ಓಡುವ ಭಾಷೆ ಬಹುಪಾಲು ಇಂಗ್ಲಿಷು. ಒಂದು ಲೋಟ ಕಾಫಿಯ ಬೆಲೆ ಎಷ್ಟೋ ಜನರ ಒಂದು ಹೊತ್ತಿನ ಊಟದ್ದು. ಅಂಗಡಿ ಬೀದಿಯಲ್ಲಿ ಕೈಚಾಚಿಯೋ, ರಾತ್ರಿ ದಂಧೆ ಮಾಡಿಯೋ ಬದುಕುವ ಟ್ರಾನ್ಸ್ ಮಹಿಳೆಗೆ ಭಾನುವಾರದ ಸಂಜೆ ಎಂದರೆ ದುಡಿಮೆಯ ಹೊತ್ತು. ಅವಳು ಕವಿತೆಗೆ ಬಂದರೆ ಆ ದಿನದ ಗಳಿಕೆ ಹೋಯಿತು. ಹಣದ ಜೊತೆಗೆ ಜಾತಿಯ ಮಾತೂ ಇದೆ. ಟ್ರಾನ್ಸ್ ಸಮುದಾಯ ಎಂದರೆ ಒಂದೇ ಮುದ್ದೆ ಎಂದು ತಿಳಿಯುವ ತಪ್ಪನ್ನು ನಮ್ಮ ಸರ್ಕಾರವೂ ಮಾಡಲಿಲ್ಲ. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಶೇಕಡ 1ರಷ್ಟು ಮೀಸಲಾತಿ ಕೊಟ್ಟಾಗ ಅದನ್ನು ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಸಾಮಾನ್ಯ ವರ್ಗ ಎಂದು ಪ್ರತಿಯೊಂದರ ಒಳಗೂ ಇಟ್ಟಿತು. ದಲಿತ ಟ್ರಾನ್ಸ್ ಮಹಿಳೆ ದಲಿತಳೂ ಹೌದು, ಟ್ರಾನ್ಸ್ ಮಹಿಳೆಯೂ ಹೌದು ಎಂಬ ತಿಳಿವಳಿಕೆ ಅದರಲ್ಲಿದೆ. ನಮ್ಮ ಕವಿತೆಯ ಕೂಟಗಳಿಗೂ ಅಷ್ಟು ತಿಳಿವಳಿಕೆ ಬೇಕು.

ಕೂಟ ಏರ್ಪಡಿಸುವವರಿಗೆ ಕೆಲವು ಲೌಕಿಕದ ಮಾತುಗಳನ್ನು ಹೇಳುತ್ತೇನೆ. ಎಲ್ಲರನ್ನೂ ಒಳಗೊಳ್ಳುವುದು ಎಂಬ ದೊಡ್ಡ ಮಾತು ಕೊನೆಗೆ ನಿಲ್ಲುವುದು ಇಂಥ ಸಣ್ಣ ಏರ್ಪಾಟುಗಳಲ್ಲೇ.

ಹೆಸರು ಬರೆಸುವ ಕಾಗದದಲ್ಲಿ ಲಿಂಗ ಎಂಬ ಖಾನೆ ಬೇಕೇ ಎಂದು ಯೋಚಿಸಿ. ಬಹಳ ಸಲ ಬೇಡ. ಹೇಗೆ ಕರೆಯಲಿ ಎಂದು ಕೇಳಿ, ಅವರು ಹೇಳಿದಂತೆ ಕರೆಯಿರಿ. ಪರಿಚಯದ ಸಾಲನ್ನು ಕವಿಯಿಂದಲೇ ಬರೆಸಿಕೊಂಡು ಅದನ್ನಷ್ಟೇ ಓದಿ. ಗೌರವಧನದ ವಿಷಯದಲ್ಲಿ ಒಂದು ತೊಡಕು ಬರುತ್ತದೆ: ಆಮಂತ್ರಣದಲ್ಲಿ ಅಚ್ಚಾದ ಹೆಸರು ಒಂದು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಉಳಿದಿರುವ ಹಳೆಯ ಹೆಸರು ಇನ್ನೊಂದು. ಹೊಸ ಹೆಸರಿಗೆ ಚೆಕ್ಕು ಬರೆದರೆ ನಗದಾಗುವುದಿಲ್ಲ. ಎಲ್ಲರೆದುರು ಹಳೆಯ ಹೆಸರಿನಲ್ಲಿ ರಸೀದಿಗೆ ಸಹಿ ಹಾಕಿಸಿದರೆ ಅಂದಿನ ಸಂಭ್ರಮವೆಲ್ಲ ಮಣ್ಣುಪಾಲು. ಮೊದಲೇ ಖಾಸಗಿಯಾಗಿ ಕೇಳಿಟ್ಟುಕೊಂಡರೆ ಎರಡೂ ತಪ್ಪುತ್ತವೆ. ಮೊಬೈಲಿನಲ್ಲಿ ವಿಡಿಯೋ ಮಾಡುವ ಉತ್ಸಾಹಕ್ಕೆ ಕಡಿವಾಣ ಹಾಕಿ. ಮನೆಯಲ್ಲಿ ಇನ್ನೂ ಹೇಳಿಕೊಳ್ಳದ ಹುಡುಗಿಯೊಬ್ಬಳು ತಾನು ಪ್ರೀತಿಸುವ ಹುಡುಗಿಯ ಮೇಲೆ ಕವಿತೆ ಓದಿರುತ್ತಾಳೆ. ನಿಮ್ಮ ಅರ್ಧ ನಿಮಿಷದ ರೀಲು ಅವಳ ಓದನ್ನೇ ನಿಲ್ಲಿಸಬಲ್ಲದು, ಮದುವೆಗೆ ದೂಡಬಲ್ಲದು. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ನೋಡಿಕೊಂಡು ಕಾರ್ಯಕ್ರಮ ಮುಗಿಸಿ. ಮೆಟ್ಟಿಲಿಲ್ಲದ ಸಭಾಂಗಣ ಹುಡುಕಿ. ಯಾರು ಬೇಕಾದರೂ ಹೆದರದೆ ಹೋಗಬಹುದಾದ ಒಂದು ಶೌಚಾಲಯವಾದರೂ ಇರಲಿ. ಮುಖ್ಯವಾಗಿ, ಸಮಿತಿಯಲ್ಲಿ ಕ್ವಿಯರ್ ಜನರನ್ನೂ ಸೇರಿಸಿಕೊಳ್ಳಿ. ಅತಿಥಿಯಾಗಿ ಬಂದು ಹೋಗುವವರಿಗೆ ಹಣದ ಲೆಕ್ಕ ಯಾರೂ ತೋರಿಸುವುದಿಲ್ಲ.

ಸಾಹಿತ್ಯ ಅಕಾಡೆಮಿ 2018ರಲ್ಲಿ ಕೋಲ್ಕತ್ತದಲ್ಲಿ ಟ್ರಾನ್ಸ್‌ಜೆಂಡರ್ ಕವಿಗಳ ಗೋಷ್ಠಿ ನಡೆಸಿತು. ಒಳ್ಳೆಯ ಹೆಜ್ಜೆ. ಪ್ರತ್ಯೇಕ ಗೋಷ್ಠಿಗೆ ಅದರ ಉಪಯೋಗವಿದೆ: ತಮ್ಮವರ ನಡುವೆ ಓದುವಾಗ ವಿವರಣೆ ಕೊಡಬೇಕಿಲ್ಲ, ಹಿಂಜರಿಕೆ ಕಳೆಯುತ್ತದೆ, ಕಿರಿಯರಿಗೆ ಹಿರಿಯರು ಸಿಗುತ್ತಾರೆ. ಆದರೆ ಅದೊಂದೇ ಬಾಗಿಲಾಗಬಾರದು. ನಮ್ಮ ಸಾಹಿತ್ಯ ಸಮ್ಮೇಳನಗಳಲ್ಲಿ ಮಹಿಳಾ ಗೋಷ್ಠಿ ಎಂದು ಮಧ್ಯಾಹ್ನದ ಊಟದ ಹೊತ್ತಿಗೆ ಇಟ್ಟು ಕೈತೊಳೆದುಕೊಂಡ ಇತಿಹಾಸ ಲೇಖಕಿಯರಿಗೆ ನೆನಪಿದೆ. ಅದೇ ಚೌಕಟ್ಟಿನಲ್ಲಿ ಈಗ ಇನ್ನೊಂದು ಗೋಷ್ಠಿ ಸೇರಿಸುವುದು ಸುಲಭ. ಹೊಸ ಕಾವ್ಯದ ಗೋಷ್ಠಿಯಲ್ಲಿ, ಅನುವಾದದ ಗೋಷ್ಠಿಯಲ್ಲಿ, ಪರಿಸರದ ಮೇಲಿನ ಗೋಷ್ಠಿಯಲ್ಲಿ ಆ ಕವಿಯನ್ನು ಕವಿಯೆಂದು ಕರೆಯುವುದು ಕಷ್ಟದ ಕೆಲಸ. ಆ ಕಷ್ಟವನ್ನು ಎತ್ತಿಕೊಳ್ಳಬೇಕು.

ಈ ಮಾತು ಕೇಳುತ್ತಿರುವವರಲ್ಲಿ ಕಾಲೇಜಿನ ಕನ್ನಡ ಸಂಘ ನಡೆಸುವ ಮೇಷ್ಟರು, ಮೇಡಂ ಇರುತ್ತೀರಿ. ಮಹಿಳಾ ಮಂಡಳಿಯವರು, ಊರಿನ ಗ್ರಂಥಾಲಯದವರು, ಹವ್ಯಾಸಿ ನಾಟಕ ತಂಡದವರು ಇರುತ್ತೀರಿ. ನಿಮ್ಮ ಊರಿನಲ್ಲೂ ಬರೆಯುವ, ಹಾಡುವ, ಕುಣಿಯುವ ಕ್ವಿಯರ್ ಜನ ಇದ್ದಾರೆ. ಹುಡುಕಿಕೊಂಡು ಹೋಗಿ ಕರೆಯಿರಿ. ಅಧ್ಯಕ್ಷರಿಗೆ ಕೊಡುವ ಗೌರವಧನವನ್ನೇ ಅವರಿಗೂ ಕೊಡಿ. ಓದಿದ ಕವಿತೆ ಹಿಡಿಸಿದರೆ ಅಚ್ಚು ಹಾಕಲು ಕೇಳಿ. ಹಿಡಿಸದಿದ್ದರೆ ಕೂತು ಹೇಳಿ: ಎರಡನೆಯ ಭಾಗ ಸಡಿಲವಾಗಿದೆ, ಈ ಉಪಮೆ ಸವೆದದ್ದು, ಕೊನೆಯ ಸಾಲು ತೆಗೆದರೆ ಚೆನ್ನ ಎಂದು. ಪಾಪ ಎಂದು ಚಪ್ಪಾಳೆ ತಟ್ಟಿ ಕಳಿಸಬೇಡಿ. ನಮ್ಮ ಪಂಕ್ತಿಯವರೆಂದು ಒಪ್ಪಿಕೊಂಡ ಕವಿಯ ಜೊತೆಗೆ ಮಾತ್ರ ನಾವು ಸಾಲು ಸಾಲಿಗೂ ಜಗಳವಾಡುತ್ತೇವೆ.